ಒಮ್ಮೆ ಅಂದ ಹೆಸರು ಮತ್ತ ಅನ್ನಾಂಗಿಲ್ಲ

ಸಾವಳಗಿ
೮ ಜುಲೈ ೧೯೩೬

ಜಿನ್ನೂ,

ಸಿಟ್ಟ ಮಾಡಬ್ಯಾಡ. ಮೊದಲ ಪೂರ್ತಿ ಓದು, ಆಮ್ಯಾಲ ಬೇಕಾದ್ರ ಹರಿ.

ನಿನ್ನಿ ನಮ್ಮೂರ ಬಸ್ತಿಗೆ ತ್ಯಾಗಿ ಮುನಿಗೋಳು ಬಂದ್ರು. ಚಾತುರ್ಮಾಸ ಇಲ್ಲೇ ಅಂತ. ಮಂದಿ ಸಾಲಾಗಿ ನಿಂತು ಒಂದೊಂದು ನಿಯಮ ತಗೊಳ್ಳಾಕತ್ತಿದ್ರು. ಒಬ್ಬಾಕಿ ಬೆಲ್ಲಾ ಬಿಟ್ಲು, ಒಬ್ಬಾಂವ ಎಲಿಅಡಿಕಿ ಬಿಟ್ಟಾ. ನಮ್ಮನಿಯವರು ಮಧ್ಯಾಹ್ನದ ನಿದ್ದಿ ಬಿಡತೇನಿ ಅಂದ್ರು. (ಇವತ್ತ ಕುಂತಲ್ಲೇ ಗೊರಕಿ ಹೊಡ್ಯಾಕತ್ತಾರ. ಮಕ್ಕೊಂಡಿಲ್ಲ, ಕಣ್ಣ ಮುಚ್ಚೇನಿ ಅಷ್ಟ ಅಂತಾರ.)

ನನ್ನ ಪಾಳಿ ಬಂತು. ನಂದ ಕೇಳಿ ಸುಮ್ಮನ ಬರಬೇಕಿಲ್ಲೋ, ಬಾಯಿ ತಡೀಲಿಲ್ಲ. "ತೇರದಾಳದಾಗ ನನ್ನ ತಮ್ಮ ಅದಾನ್ರಿ, ಪೈಲ್ವಾನ. ಮೊಣಕಾಲ ಮುರಕೊಂಡು ಮೂರ ತಿಂಗಳಾತು, ಗ್ವಾಡಿ ನೋಡಕೋತ ಕುಂತಾನ. ಅವನ ಹೆಸರಲೇನೂ ಒಂದ ಕೊಡ್ರಿ" ಅಂದ್ನಿ. ಅವರು ನಕ್ಕರು. ಕೈ ಮುಗಿ ಅಂದ್ರು. ಮುಗದ್ನಿ. ಆತು, ನಿನಗೂ ನನಗೂ ಒಂದ ನಿಯಮ ಬಂತು.

ಏನಂದ್ರ, ದಿನಾ ಮೊದಲನೇ ತುತ್ತು ಬಾಯಿಗಿಡೂದಕ್ಕ ಮುಂಚೆ ನಿನಗ ಉಪಕಾರ ಮಾಡಿದ ಒಂದು ಜೀವದ ಹೆಸರು ಬಾಯಿಬಿಟ್ಟ ಅನಬೇಕು. ಏನ ಉಪಕಾರ ಅನ್ನೂದೂ ಹೇಳಬೇಕು. ಒಮ್ಮೆ ಅಂದ ಹೆಸರು ಮತ್ತ ಅನ್ನಾಂಗಿಲ್ಲ. ಹೆಸರು ಬರಲಿಲ್ಲ ಅಂದ್ರ ಅವತ್ತ ಊಟ ಇಲ್ಲ. ದೀಪಾವಳಿ ತನಕ.

ಮತ್ತ ಇನ್ನೊಂದು. ನಿನಗ ಕುಸ್ತಿ ಕಲಿಸಿದ ಚನಮಲ್ಲಪ್ಪ ವಸ್ತಾದರು ಮುಧೋಳದಿಂದ ಹೇಳಿ ಕಳಿಸಿದ್ದಕ್ಕ ಏನಂದಿ? ಅವ್ವ ಊರಿಗೆ ಬಂದವರ ಕೈಲೆ ಹೇಳಿ ಕಳಿಸಿದ್ಲು. ಕುಸ್ತಿ ಆಡಾಕ ಆಗದಿದ್ರ ಬ್ಯಾಡ, ಹೊಸಬರಿಗೆ ಕಲಸಾಕರ ಬಾ, ಬನ್ನಿ ಹಬ್ಬದ ತನಕ ಗರಡ್ಯಾಗ ನಿನ್ನ ಜಾಗಾ ಇಟ್ಟಿರತೇನಿ ಅಂದಾರಂತ. ಹಬ್ಬ ದಾಟಿದ್ರ ಬ್ಯಾರೆಯವರಿಗೆ ಅಂತ. ನೀ ನನಗ ಒಂದ ಮಾತೂ ಹೇಳಿಲ್ಲ.

ರಾಜಮತಿ


ತೇರದಾಳ
೧೪ ಜುಲೈ

ಅಕ್ಕಾ,

ಶಿರಸಾಷ್ಟಾಂಗ ನಮಸ್ಕಾರ ಅಂತ ಬರಿಬೇಕು, ಆದರ ಮೊಣಕಾಲ ಬಾಗೂದಿಲ್ಲ. ನಿಂತಲ್ಲಿಂದ ಕೈ ಮುಗದೇನಿ, ಅಷ್ಟ ತಗೋ.

ಬ್ಯಾರೇದವರ ಹೊಟ್ಟಿ ಮ್ಯಾಲ ನಿಯಮ ತಗೊಳ್ಳೂದು ಯಾವೂರ ಪದ್ಧತಿ ಬೇ? ಬೆಲ್ಲಾ ಬಿಡಸಿದ್ರ ಬಿಡತಿದ್ನಿ. ಎರಡೂ ಹೊತ್ತು ತಿನ್ನೂದರ ಹೊರತು ನನಗ ಬ್ಯಾರೆ ಕೆಲಸ ಏನೈತಿ ಈಗ? ಅದಕ್ಕೂ ಕೈ ಹಾಕಿದಿ.

"ಇದನ್ನ ಮುರೀತೇನಿ" ಅಂದ್ನಿ. ಅವ್ವ ಒಲಿ ಮುಂದ ಕುಂತು ಅಳಾಕತ್ಲು, ದನಿ ತಗೀದ. ಅಕಿ ಹಂಗ ಅತ್ರ ನನ್ನ ಕೈಲೆ ಆಗೂದಿಲ್ಲ ಅಂತ ನಿನಗೂ ಗೊತ್ತೈತಿ, ಅಕಿಗೂ ಗೊತ್ತೈತಿ. ಅದಕ್ಕ ಚಾಲೂ ಮಾಡೇನಿ. ಮೊದಲನೇ ದಿನ "ಅವ್ವ, ಹಡದಾಳ, ರೊಟ್ಟಿ ಹಾಕು." ಎರಡನೇ ದಿನ "ಅಪ್ಪ, ಬದಕಿದ್ದಾಗ ಗರಡಿಗೆ ಹಚ್ಚಿದಾ." ಮೂರನೇ ದಿನ ನೀನು. ಸಾಲಿ ಕಲಿಯಲಿ ಅಂತ ಅಪ್ಪನ ಜೋಡಿ ಜಗಳಾಡಿದ್ದಿ, ಇಲ್ಲಂದ್ರ ಇವತ್ತ ಬೈದು ಕಾಗದಾ ಬರಿಯಾಕ ನನಗ ಬರತಿರಲಿಲ್ಲ.

ಕುಂದರಾಕ ಆಗವಲ್ದು ಅಕ್ಕಾ. ಅಡಗಿಮನಿಂದ ತಲಬಾಗಲಕ್ಕ ಹನ್ನೊಂದ ಹೆಜ್ಜಿ. ಹೋಗತೇನಿ, ಬರತೇನಿ. ಕೋಲಿನ ಸಪ್ಪಳಕ್ಕ ಬೆಕ್ಕು ಮನಿ ಬಿಟ್ಟು ಹೋಗೇತಿ. ಮುಂಜಾನಿ ಎದ್ದಕೂಡ್ಲೆ ಕೈಗೋಳು ತಾವ ದಂಡ ಹೊಡ್ಯಾಕ ತಯಾರ ಆಕ್ಕಾವು, ಆಮ್ಯಾಲ ಕಾಲ ನೆನಪ ಆಕ್ಕೈತಿ.

ಮುಧೋಳಕ್ಕ ಹೋಗೂದಿಲ್ಲ. ಕೋಲ ಹಿಡಕೊಂಡು ದಂಡಿಗೆ ನಿಂತು ಬ್ಯಾರೇದವರ ಕುಸ್ತಿ ನೋಡಲೇನು? ಆ ಮಾತ ತಗಿಬ್ಯಾಡ.

ಜಿನ್ನಪ್ಪ


ಸಾವಳಗಿ
೧೯ ಜುಲೈ

ಜಿನ್ನೂ,

ಮೂರನೇ ದಿನಕ್ಕ ನನ್ನ ಹೆಸರು! ಓದಿ ಓಣಿ ತುಂಬ ಹೇಳೇನಿ. ಸಿಟ್ಟಿನಾಗ ಅಂದಿದ್ದ ಅಂತ ಮಾತ್ರ ಹೇಳಿಲ್ಲ.

ಮುಧೋಳಕ್ಕ ಯಾಕ ಒಲ್ಲೆ ಅಂತಿ ಅಂತ ತಿಳಿತು ನನಗ. ಅಲ್ಲಿ ಆ ಮುರಗೆಪ್ಪ ಅದಾನ. ಎಂಟ ವರ್ಷ ನಿನ್ನ ಜೋಡಿ ಆಗಿ, ಒಂದ ತಂಬಿಗಿ ಹಾಲ ಇಬ್ಬರೂ ಹಂಚಕೊಂಡು ಕುಡದು, ಜಮಖಂಡಿ ಕುಸ್ತಿ ಹತ್ತು ದಿನ ಇದ್ದಾಗ ಬೇಕಂತ ನಿನ್ನ ಕಾಲ ತಿರುವಿದಾಂವ. ನಿನ್ನ ಬದಲಿ ತಾ ಹೋಗಬೇಕಂತ. ಅವನ ಹೆಸರ ತಗದ್ರ ನನ್ನ ಬಾಯಿ ಕಹಿ ಆಕ್ಕೈತಿ. ಅವನ ಸಂಬಂಧ ನೀ ಯಾಕ ಜಾಗಾ ಬಿಡಬೇಕು? ಹೋಗು. ಅವನ ಮುಖದ ಮುಂದ ಹೋಗಿ ನಿಂದರು.

ರಾಜಿ


ತೇರದಾಳ
೨ ಆಗಸ್ಟ್

ಅಕ್ಕಾ,

ಮುರಗೆಪ್ಪನ ಮಾತ ಬಿಡು.

ನಿಯಮದ ಸುದ್ದಿ ಹೇಳತೇನಿ. ಮನ್ಯಾಗಿನ ಮಂದಿ ಎಂಟ ದಿನಕ್ಕ ಮುಗದ್ರು. ಆಮ್ಯಾಲ ಎಲುಬು ಕೂಡಿಸಿದಾಂವ, ಕ್ಷೌರದಾಂವ, ಕನ್ನಡ ಸಾಲಿ ಮಾಸ್ತರು (ಹೊಡದದ್ದಕ್ಕ ಅಲ್ಲ, ಹೊಡಿಯೂದ ಬಿಟ್ಟಿದ್ದಕ್ಕ). ಆಮ್ಯಾಲ ಒಂದ ಯುಕ್ತಿ ಹೊಳೀತು. ಜೀವ ಅಂದ್ರ ಏಕೇಂದ್ರಿಯ ಜೀವಾನೂ ಬಂತಲ್ಲ? ಗಿಡಾ, ನೀರು, ಮಣ್ಣು, ಎಲ್ಲಾದರಾಗೂ ಜೀವ ಐತಿ ಅಂತ ಬಸ್ತ್ಯಾಗ ಹೇಳೂದಿಲ್ಲೇನು? ಹುಣಸಿ ಗಿಡದ್ದು ಒಂದ ದಿನ, ಬಾವಿ ನೀರಿಂದ ಒಂದ ದಿನ, ಬೇವಿನ ಗಿಡದ್ದು ಒಂದ ದಿನ. ಹಲ್ಲ ತಿಕ್ಕಾಕ ಕಡ್ಡಿ ಕೊಟ್ಟೈತಿ ಅಂದ್ನಿ. ಅವ್ವ ತಾಟ ತಿರಗಿ ಒಳಗ ಒಯ್ಯಾಕ ಹೋದ್ಲು, ಜಗಳಾಡಿ ಕಸಗೊಂಡ್ನಿ. ಮಣ್ಣಿನ ಹೆಸರ ಮಾತ್ರ ಅನ್ನಾಂಗಿಲ್ಲ. ಮಣ್ಣಿನ ಮ್ಯಾಲ ನನಗ ಸಿಟ್ಟೈತಿ.

ಮೊನ್ನಿ ಹಾಲಿನ ಹೊಳೆವ್ವ ಬಂದಿದ್ಲು.

"ಹೊಳೆವ್ವಾ, ಇವತ್ತ ನಿನ್ನ ಹೆಸರ ಅಂದೇನಿ."

"ಯಾಕೋ ಯಪ್ಪಾ, ನಾ ಇನ್ನೂ ಸತ್ತಿಲ್ಲ."

"ನಿನ್ನ ಎಮ್ಮಿ ಹಾಲ ಕುಡದ ಬೆಳದೇನಲ್ಲ, ಅದಕ್ಕ."

"ಹಂಗಾದ್ರ ಎಮ್ಮಿ ಹೆಸರ ಅನ್ನು. ಹಾಲ ನಾ ಕೊಟ್ಟೇನೇನು?"

ಇಬ್ಬರೂ ನಕ್ಕಿವಿ. ಆಮ್ಯಾಲ ಚರಿಗಿ ತೊಳಕೋತ ಹಂಗ ಸುಮ್ಮನ ಅಂದ್ಲು, "ನಿಮ್ಮಪ್ಪ ಬಂದು ಪೈಲ್ವಾನಗ ಬೇಕು ಅಂದಾ, ಪೂರ್ತಿ ಚರಿಗಿ ಇಲ್ಲೇ ಹಾಕಿದ್ನಿ. ನಮ್ಮ ಹುಡುಗಿಗೆ ಅಂಬಲಿ ಕುಡಿಸಿದ್ನಿ. ಅಕಿನೂ ಬೆಳದ್ಲು ಬಿಡು."

ಅಕ್ಕಾ, ಅಕಿಗೆ ಸಿಟ್ಟಿರಲಿಲ್ಲ. ಅದ ತ್ರಾಸ ಆತು. ಇಷ್ಟ ವರ್ಷ ಅಕಿ ಹಾಲ ಕುಡದೇನಿ, ಆ ಹುಡುಗಿ ಹೆಸರ ನನಗ ಗೊತ್ತಿರಲಿಲ್ಲ. ಲಗಮವ್ವ ಅಂತ. ರಬಕವಿಗೆ ಕೊಟ್ಟಾರಂತ. ಮರುದಿನ ಅಕಿ ಹೆಸರ ಅಂದ್ನಿ. ಅವತ್ತಿಂದ ಗಿಡಾ ಬಳ್ಳಿ ಆಟ ಬಿಟ್ಟೇನಿ.

ಒಂದ ಕೇಳಬೇಕಿತ್ತು. ಮೊದಲನೇ ಎರಡ ತಿಂಗಳು ನೀ ಇಲ್ಲೇ ಇದ್ದಿ, ನಾ ಜ್ವರದಾಗ ಬಿದ್ದಿದ್ನಿ. ಆವಾಗ ಮುಧೋಳದಿಂದ ಯಾರರ ಬಂದಿದ್ರೇನು, ನನ್ನ ನೋಡಾಕ? ಸುಮ್ಮನ ಕೇಳಿದ್ನಿ.

ಜಿನ್ನಪ್ಪ


ಸಾವಳಗಿ
೯ ಆಗಸ್ಟ್

ಜಿನ್ನೂ,

ಮಳಿ ಹಿಡಕೊಂಡೈತಿ. ಜ್ವಾಳ ಹುಗದಿಟ್ಟ ಹಗೇವಿಗೆ ನೀರ ಹೊಕ್ಕಾವಂತ ಇವರು ಎರಡ ದಿನದಿಂದ ಮಾರಿ ಗಂಟ ಹಾಕ್ಕೊಂಡಾರ. ನಮ್ಮತ್ತಿಗೆ ಕೆಮ್ಮು. ಬಸ್ತ್ಯಾಗ ದಿನಾ ಪ್ರವಚನ, ಹಿಂದ ಕುಂತ್ರ ಏನೂ ಕೇಳೂದಿಲ್ಲ. ಮಡ್ಡಿ ಹೊಲದಾಗ ಹೆಸರಕಾಳು ಛಲೋ ಬಂದಾವು, ಹೊಳಿ ಇಳದ ಮ್ಯಾಲ ಕಳಸತೇನಿ.

ಯಾರೂ ಬಂದಿದ್ದಿಲ್ಲ.

ವಸ್ತಾದರಿಗೆ ಏನ ಹೇಳಿ ಕಳಿಸಿದಿ?

ರಾಜಿ


ಸಾವಳಗಿ
೨೯ ಆಗಸ್ಟ್

ಜಿನ್ನೂ,

ಕೃಷ್ಣಾ ತುಂಬಿ ಹರ್ಯಾಕತ್ತಾಳ. ನಾವಿ ನಿಂತು ಹದಿನೈದ ದಿನಾತು, ಟಪಾಲೂ ನಿಂತೈತಿ. ಈ ಕಾರ್ಡು ಯಾವಾಗ ಹೊಳಿ ದಾಟತೈತೋ. ನೀ ಬರದಿದ್ದೂ ಆಚೆ ದಂಡಿಗೆ ಬಿದ್ದಿರಬೇಕು. ಬರದಿದ್ರ.


ತೇರದಾಳ
೪ ಸೆಪ್ಟೆಂಬರ್

ಅಕ್ಕಾ,

ಇವತ್ತಿಗೆ ಮೂರ ದಿನ ಊಟ ಮಾಡಿಲ್ಲ. ಹೆದರಬ್ಯಾಡ. ಒಮ್ಮೆಗೇ ಮೂರ ದಿನ ಅಲ್ಲ, ನಡು ನಡುವ.

ಹೆಸರು ತೀರಿದ್ವು ಅಂತಲ್ಲ. ಊರ ತುಂಬ ಹೆಸರು ಅದಾವು. ಈಗ ದಾರ್ಯಾಗ ಹೋಗೋರನ್ನೆಲ್ಲಾ ನೋಡತೇನಿ, ಇಂವ ನನಗ ಏನ ಮಾಡಿದ್ದಾ, ಅಕಿ ಏನ ಮಾಡಿದ್ಲು ಅಂತ. ಬಾಗಲದಾಗ ಕುಂತು ಕರೀತೇನಿ. ಕರದ್ರ ಬಂದು ಕುಂದರತಾರ, ಮಾತಾಡತಾರ. ಮೊದಲ ನಾ ಬರೇ ನನ್ನ ರಟ್ಟಿ ನೋಡಕೋತ ದಾಟಿ ಹೋಗತಿದ್ನಿ.

ಆದರ ದಿನಾ ಮುಂಜಾನಿ ತಾಟಿನ ಮುಂದ ಕುಂತಕೂಡ್ಲೆ ಒಂದ ಹೆಸರು ಬಂದು ಎಲ್ಲಾರ ಮುಂದ ನಿಂದರತೈತಿ. ಸರಿಸಿ ಬ್ಯಾರೆದ್ದು ಅನ್ನಾಕ ಹೋದ್ರ ಸುಳ್ಳ ಅಂದಂಗ ಆಕ್ಕೈತಿ. ಕೆಲವ ದಿನ ಸರಸ್ತೇನಿ. ಕೆಲವ ದಿನ ಆಗೂದಿಲ್ಲ, ತಾಟ ಹಿಂದ ದಬ್ಬತೇನಿ.

ಆ ಹೆಸರ ಅನ್ನಾಕ ನನಗ ಬಾಯಿಲ್ಲ.

ಜಿನ್ನಪ್ಪ


ಸಾವಳಗಿ
೧೨ ಸೆಪ್ಟೆಂಬರ್

ಜಿನ್ನೂ,

ಇವತ್ತ ನಾವಿ ಬಿಟ್ರು, ನಿನ್ನ ಕಾಗದಾ ಬಂತು. ಓದಿ ನನಗೂ ಊಟ ಸೇರಲಿಲ್ಲ. ಮೈಯಾಗ ಎಲುಬು ಕೂಡೂ ಹೊತ್ತು ಇದು, ಉಪಾಸ ಬೀಳೂ ಹೊತ್ತಲ್ಲ!

ಯಾರಲೇ ಅದು? ವಸ್ತಾದರಾ? ಅವರ ಹೆಸರ ಅನ್ನಾಕ ನಾಚಿಕಿ ಯಾಕ? ಅವರ ಮಾತಿಗೆ ಉತ್ತರ ಕೊಟ್ಟಿಲ್ಲ ಅಂತೇನು? ಅನ್ನು. ಅಂದು ಹೋಗು. ಮಣ್ಣೇನು? ಮಣ್ಣಿನ ಮ್ಯಾಲ ಸಿಟ್ಟ ಬಿಡು. ಯಾರದರ ಅನ್ನು, ಆ ಮುರಗ್ಯಾನ ಹೆಸರ ಒಂದ ಬಿಟ್ಟು.

ತ್ಯಾಗಿಗಳ ಹತ್ರ ಓಡಿ ಹೋಗಿದ್ನಿ. "ತಪ್ಪಾತ್ರಿ, ಕೇಳದ ಅವನ ಪಾಲಿಂದ ತಗೊಂಡ್ನಿ, ಬಿಡಸ್ರಿ" ಅಂದ್ನಿ. ಅವರು, "ಹೆಸರ ಸಿಗವಲ್ದೋ, ಬಾಯಿಗೆ ಬರವಲ್ದೋ?" ಅಂತ ಕೇಳಿದ್ರು. ಬಾಯಿಗೆ ಬರವಲ್ದಂತ್ರಿ ಅಂದ್ನಿ. "ಹಂಗಿದ್ರ ಬಿಡಸೂದು ನನ್ನ ಕಡೆ ಇಲ್ಲವಾ" ಅಂದು ನನ್ನ ಮಾರಿ ನೋಡಿದ್ರು. ನನ್ನ ಯಾಕ ಹಂಗ ನೋಡಬೇಕು?

ಲಗೂನ ಬರಿ.

ರಾಜಿ


ತೇರದಾಳ
೧೭ ಸೆಪ್ಟೆಂಬರ್

ಅಕ್ಕಾ,

ಮುರಗೆಪ್ಪಂದ ಹೆಸರು ಅದು.

ಕುಂತಕೊಂಡು ಓದು. ಶಿವರಾತ್ರಿ ಹೊತ್ತಿಗೆ ನನ್ನ ಮೊಣಕಾಲ ಬಾತಿತ್ತು. ಗರಡ್ಯಾಗ ದಿನಾ ಮುಂಜಾನಿ, ಮಣ್ಣಿಗೆ ಇಳಿಯೂದಕ್ಕ ಮೊದಲ, ವಸ್ತಾದರು ಎಲ್ಲಾರನ್ನೂ ಕೇಳತಿದ್ರು, "ಯಾರಿಗರ ನೋವೈತೇನು?" ಅಂತ. ನೋವಿದ್ದಾಂವ ಅವತ್ತ ಇಳಿಯಾಂಗಿಲ್ಲ. ನಾ ದಿನಾ "ಇಲ್ರಿ" ಅಂದ್ನಿ. ಜಮಖಂಡಿ ಕುಸ್ತಿ ತಪ್ಪತೈತಿ ಅಂತ. ಒಂದ ತಿಂಗಳ ಮ್ಯಾಲ ಹಂಗ ಅಂದೇನಿ.

ಮುರಗೆಪ್ಪಗ ಗೊತ್ತಿತ್ತು. ಅರಿಶಿಣ ಹಚ್ಚಿ ಕಟ್ಟಿದ್ದು ನೋಡಿದ್ದಾ. "ಹೇಳಲೇ, ಇಲ್ಲಂದ್ರ ನಾ ಹೇಳತೇನಿ" ಅಂದಾ. ಅವನ ಕೈ ಹಿಡದು ಅವರವ್ವನ ಆಣಿ ಹಾಕಿಸಿದ್ನಿ, ಯಾರ ಮುಂದೂ ಅನ್ನಾಂಗಿಲ್ಲ ಅಂತ.

ಕಾಲ ಮುರದ ದಿನ ಅಂವ ಮೆತ್ತಗ ಹಿಡ್ಯಾಕತ್ತಿದ್ದಾ, ನನ್ನ ಕಾಲ ಉಳಿಸಿ. ನನಗ ಸಿಟ್ಟ ಬಂತು. "ಹೂವಿನ ಬುಟ್ಟಿ ಹಿಡದಂಗ ಏನ ಹಿಡೀತಿಲೇ, ಹಿಡಿ ಜೋರಲೆ!" ಅಂದ್ನಿ. ಎರಡ ಸಲ ಬ್ಯಾಡ ಅಂದಾ. ಮೂರನೇ ಸಲಕ್ಕ ಹಿಡದಾ. ಹಸಿ ಕಟಗಿ ಮುರದಂಗ ಸಪ್ಪಳಾತು.

ವಸ್ತಾದರು ಓಡಿ ಬಂದ್ರು. "ಏನಾತು?" ಅಂದ್ರು. ಬಾವು ಹಳೇದು ಅಂತ ಗೊತ್ತಾದ್ರ ನನ್ನ ಮಾನ ಹೋಗತಿತ್ತು. "ಬೇಕಂತ ತಿರುವಿದಾ" ಅಂದ್ನಿ. ಎಲ್ಲಾರ ಮುಂದ. ಮುರಗೆಪ್ಪ ನನ್ನ ಮಾರಿ ನೋಡಿದಾ. ಆಣಿ ಇತ್ತಲ್ಲ, ಬಾಯಿ ತಗೀಲಿಲ್ಲ.

ಅದನ್ನ ನಿನಗೂ ಹಂಗ ಹೇಳಿದ್ನಿ. ನೀ ಅವನನ್ನ ಬೈದಾಗೆಲ್ಲಾ ಸುಮ್ಮನ ಕುಂತ್ನಿ.

ಜ್ವರ ಬಿಟ್ಟಾಗಿಂದ ಬಾಗಲ ನೋಡೇನಿ ಅಕ್ಕಾ, ಅಂವ ಬರತಾನೇನು ಅಂತ. ಬಂದು ಎರಡ ಬಡದಿದ್ರೂ ಆಗತಿತ್ತು. ಬರಲಿಲ್ಲ. ಬರಲಾರದ್ದು ಬರೋಬರಿನ ಐತಿ. ನಾ ಅವನ ಜಾಗಾದಾಗ ಇದ್ರೂ ಬರತಿರಲಿಲ್ಲ. ಮುಧೋಳಕ್ಕ ಯಾಕ ಒಲ್ಲೆ ಅಂತೇನಿ, ಈಗರ ತಿಳೀತೇನು?

ಜಿನ್ನಪ್ಪ


ಸಾವಳಗಿ
೨೪ ಸೆಪ್ಟೆಂಬರ್

ಜಿನ್ನೂ,

ಎರಡ ಸಲ ಬರದು ಹರದೇನಿ.

ಅಂವ ಬಂದಿದ್ದಾ.

ಮೂರ ಸಲ ಬಂದಿದ್ದಾ, ಮುಧೋಳದಿಂದ ನಡಕೋತ. ಮೊದಲನೇ ಸಲ ಬಂದಾಗ ಕೈಯಾಗ ತುಪ್ಪದ ಗಡಗಿ ಇತ್ತು. ನಾ ಬಾಗಲದಾಗ ಅಡ್ಡ ನಿಂತು ಬಾಯಿಗೆ ಬಂದಂಗ ಅಂದ್ನಿ. ನಮ್ಮನಿ ಕಾಲ ಮುರದು ತುಪ್ಪ ತಂದೀಯೇನೋ ಅಂದ್ನಿ. ಕೇರಿ ಮಂದಿ ನೋಡಾಕ ನಿಂತ್ರು. ಅಂವ ಗಡಗಿ ಎತಗೊಂಡು ಹೋದಾ ಜಿನ್ನೂ. ಎಂಟ ದಿನ ಬಿಟ್ಟು ಮತ್ತ ಬಂದಾ, ಕಟ್ಟಿ ಮ್ಯಾಲ ಕುಂತಾ, ಸಂಜಿಕ ಹೋದಾ. ಮೂರನೇ ಸಲ ಅವ್ವ ಒಳಗ ಕರಿಯಾಕ ಹೋದ್ಲು. ನಾ ಅವ್ವನ ಕೈ ಹಿಡದು ಎಳದ್ನಿ. ಅವನಿಗೆ, "ನೀ ಇನ್ನೊಮ್ಮೆ ಬಂದ್ರ ನನ್ನ ತಮ್ಮ ನಿನ್ನ ಮಾರಿ ನೋಡಿ ಸಾಯತಾನ" ಅಂದ್ನಿ. ಅಂದಮ್ಯಾಲ ಬರಲಿಲ್ಲ. ನಿನಗ ಹೇಳಬ್ಯಾಡ ಅಂತ ಅವ್ವನ ಕಡಿಂದ ಮಾತ ತಗೊಂಡ್ನಿ.

ಇಷ್ಟ ಅಲ್ಲ. ನಿನ್ನ ತಂದ ಗಾಡಿಯಾಂವ ಅವತ್ತ ನನಗೊಂದ ಹೇಳಿದ್ದಾ. ಮುಧೋಳದಿಂದ ತೇರದಾಳ ತನಕ ಮುರಗೆಪ್ಪ ಗಾಡಿ ಏರಲಿಲ್ಲಂತ. ಹಿಂದ ಹಿಂದ ನಡಕೋತ, ಗಾಡಿ ಕುಲಕಬಾರದಂತ ನಿನ್ನ ಕಾಲ ಹೆಗಲ ಮ್ಯಾಲ ಇಟಗೊಂಡು ಬಂದಾನಂತ. ಊರ ಅಗಸಿ ಬಾಗಲ ತನಕ. ನಿನಗ ಎಚ್ಚರಿರಲಿಲ್ಲ. "ತಪ್ಪ ಮಾಡಿದಾಂವ ಅಷ್ಟ ಮಾಡಬೇಕಲ್ಲ" ಅಂತ ನನಗ ನಾನ ಅಂದಕೊಂಡ್ನಿ.

ನಾನೂ ದಿನಾ ಹೆಸರ ಅಂತೇನಿ ಇಲ್ಲಿ. ನಮ್ಮತ್ತಿದೂ ಅಂದೇನಿ, ಅಂದ್ರ ತಿಳಕೋ. ದಿನಾ ಆ ಗಾಡಿ ಹಿಂದ ನಡ್ಯಾಂವ ಕಣ್ಣ ಮುಂದ ಬರತಿದ್ದಾ, ದಿನಾ ನಾ ದಾಟಿ ಹೋಗತಿದ್ನಿ. ನೀನಾದ್ರೂ ತಾಟ ಹಿಂದ ದಬ್ಬಿದಿ. ನಾ ದಬ್ಬಲಿಲ್ಲ, ಉಂಡ್ನಿ.

ಏನರ ಬರಿ. ಬೈದರ ಬರಿ.

ರಾಜಿ


ಸಾವಳಗಿ
೫ ಅಕ್ಟೋಬರ್

ಜಿನ್ನೂ, ಹೊಳಿ ಇಳದು ಎಷ್ಟೋ ದಿನಾತು. ಟಪಾಲು ದಿನಾ ಬರಾಕತ್ತೈತಿ. ನಿಂದ ಬರವಲ್ದು.


ಸಾವಳಗಿ
೧೬ ಅಕ್ಟೋಬರ್

ಜಿನ್ನೂ, ಅವ್ವಗ ಬರಿಯಾಕ ಬರೂದಿಲ್ಲ. ನೀ ಬರಿಯೂದಿಲ್ಲ. ಇವತ್ತ ಬಾಗಲದಾಗ ಟಪಾಲಿನಾಂವನ ದಾರಿ ನೋಡಕೋತ ನಿಂತಾಗ ತಿಳೀತು, ನೀ ಆರ ತಿಂಗಳು ಹ್ಯಾಂಗ ಬಾಗಲ ನೋಡಿದಿ ಅಂತ. ಬನ್ನಿ ಹಬ್ಬ ಒಂಬತ್ತ ದಿನ ಉಳದೈತಿ. ನಾ ಒಂದ ಮಾಡೇನಿ, ಅದು ಮುಟ್ಟಿದ ಮ್ಯಾಲ ತಿಳೀತೈತಿ.


ಮುಧೋಳ
೨೬ ಅಕ್ಟೋಬರ್

ಅಕ್ಕಾ,

ಶಿರಸಾಷ್ಟಾಂಗ ನಮಸ್ಕಾರ. ಈ ಸಲ ಖರೆನ.

ನಿನ್ನ ಕಾಗದಾ ಓದಿ ಭಾಳ ಸಿಟ್ಟ ಬಂದಿತ್ತು. ಬರದ್ರ ಏನೇನೋ ಬರೀತಿದ್ನಿ, ಅದಕ್ಕ ಬರೀಲಿಲ್ಲ. ಹನ್ನೊಂದ ಹೆಜ್ಜಿ ಹೋಗಿ ಬಂದು, ಹೋಗಿ ಬಂದು ಕೋಲ ಸವದೈತಿ. ಆಮ್ಯಾಲ ತಿಳೀತು, ಸುಳ್ಳಿನ ಬೀಜ ನಂದು. ನೀ ನೀರ ಹಾಕಿದಿ ಅಷ್ಟ. ಹಬ್ಬದ ಹಿಂದಿನ ದಿನ ಗಾಡಿ ಏರಿದ್ನಿ.

ನಾ ಬಂದಾಗ ಗರಡ್ಯಾಗ ಮಣ್ಣ ಹದಾ ಮಾಡಾಕತ್ತಿದ್ರು, ಮಜ್ಜಿಗಿ ಅರಿಶಿಣ ಎಣ್ಣಿ ಹಾಕಿ. ಮುರಗೆಪ್ಪ ಸಲಕಿ ಹಿಡದಿದ್ದಾ, ತಲಿ ಎತ್ತಲಿಲ್ಲ. ನಾ ದಂಡಿಗೆ ನಿಂತು ವಸ್ತಾದರಿಗೆ ಎಲ್ಲಾ ಹೇಳಿದ್ನಿ, ಎಲ್ಲಾರಿಗೂ ಕೇಳೂ ಹಂಗ. ಬಾವು, ಆಣಿ, ಸುಳ್ಳ, ಎಲ್ಲಾ.

ಮುರಗೆಪ್ಪ ಸಲಕಿ ಬಿಟ್ಟು ಬಂದಾ. ಬಡೀತಾನ ಅಂದಕೊಂಡ್ನಿ.

"ಆತೇನು?" ಅಂದಾ.

"ಆತು."

"ಮೂರ ಸಲ ನಡಕೊಂಡ ಬಂದ್ನಿ ಮಗನ. ನಿಮ್ಮಕ್ಕನ ಬಾಯಿ ಮುಂದ ನಮ್ಮ ವಸ್ತಾದರೂ ನಿಂದರೂದಿಲ್ಲ."

"ತುಪ್ಪ ಏನ ಮಾಡಿದಿ?"

"ಅಗಸ್ಯಾಗ ಕುಂತು ಬೆರಳಲೆ ತಿಂದ್ನಿ. ಅಳಕೋತ. ನಗಬ್ಯಾಡಲೇ."

ಆಮ್ಯಾಲ ಅಂದಾ, "ಮೊನ್ನಿ ಸಾವಳಗಿಂದ ಇನ್ನೊಂದ ಗಡಗಿ ಬಂದೈತಿ ನನಗ. ಜೋಡಿ ಒಂದ ಚೀಟಿ. ತಪ್ಪಾತು ಅಂತ ಬರದಾರ ನಿಮ್ಮಕ್ಕ. ಓದಿಸಿಕೊಂಡೇನಿ." ನೀ ಮಾಡೇನಿ ಅಂದಿದ್ದು ಇದ ಏನು? ನನಗಿಂತ ಮೊದಲ ಮುಟ್ಟಿದಿ ಬೇ.

ಮಣ್ಣಿಗೆ ಇಳಿಯೂದಕ್ಕ ಮೊದಲ ಮೊಣಕಾಲ ಊರಿ ಹಣಿಗೆ ಮಣ್ಣ ಹಚ್ಚಬೇಕಲ್ಲ. ಕೋಲ ಬಿಟ್ನಿ. ಮುರಗೆಪ್ಪ ಹೆಗಲ ಕೊಟ್ಟಾ. ಅದ ಹೆಗಲ ಇರಬೇಕು, ಗಾಡಿ ಹಿಂದಿಂದು. ಕಾಲ ಕಟ್ ಅಂತು, ಕಣ್ಣಾಗ ನೀರ ಬಂತು, ಆದರ ಬಾಗಿತು. ಕೈ ತುಂಬ ಮಣ್ಣ ತಗೊಂಡ್ನಿ. ಅದರ ಮ್ಯಾಲ ಸಿಟ್ಟಿದ್ದದ್ದು ಯಾಕ ಅನ್ನೂದು ನೆನಪಿಗೆ ಬರಲಿಲ್ಲ.

ಹಬ್ಬದ ದಿನ ಮುಂಜಾನಿ ಎಲ್ಲಾರ ಜೋಡಿ ತಾಟಿಗೆ ಕುಂತ್ನಿ. "ಮುರಗೆಪ್ಪ. ಎರಡ ಸಲ ಬ್ಯಾಡ ಅಂದಿದ್ದಾ" ಅಂದ್ನಿ. ಅಂವ ರೊಟ್ಟಿ ಮುರಕೋತ, "ಲಗೂನ ಉಣ್ಣಲೇ, ಪಲ್ಯಾ ಆರತೈತಿ" ಅಂದಾ.

ನಾ ಇನ್ನ ಕುಸ್ತಿ ಆಡಾಂಗಿಲ್ಲ ಅಕ್ಕಾ. ವಸ್ತಾದರು ನನ್ನ ಬೈಲಿಲ್ಲ. "ನಾಳಿಂದ ಆ ಮಾತ ನೀನ ಕೇಳು" ಅಂದ್ರು.

ಇವತ್ತ ಕೇಳಿದ್ನಿ. ಹದಿನಾಲ್ಕ ಮಂದಿ ಸಾಲಾಗಿ ನಿಂತಿದ್ರು. ಯಾರಿಗರ ನೋವೈತೇನು? ಎಲ್ಲಾರೂ "ಇಲ್ರಿ" ಅಂದ್ರು. ನಿಂಗಣ್ಣ ಅಂತ ಬೆಳಗಲಿ ಊರಾಂವ ಒಬ್ಬ ಅದಾನ, ಎಮ್ಮಿ ಹಂಗ ಮೈ. ಅಂವ ಎಲ್ಲಾರಕಿಂತ ಮೊದಲ ಅಂದಾ, ಎಲ್ಲಾರಕಿಂತ ಜೋರಲೆ. ಎಡಗೈ ಬೆನ್ನ ಹಿಂದ ಇಟಗೊಂಡಿದ್ದಾ.

ಕಾಗದಾ ಇಲ್ಲಿಗೆ ಬಿಡತೇನಿ. ನಿಂಗಣ್ಣ ಬಾಗಲದಾಗ ಬಂದು ನಿಂತಾನ, ಬಾಯಿ ಬಿಡವಲ್ಲ. ಒಳಗ ಬಾ, ಕುಂದರು ಅಂದೇನಿ.

ಜಿನ್ನಪ್ಪ